ಮೂರು ಸುತ್ತು

ಮಾರತ್ತಹಳ್ಳಿಯಲ್ಲಿ ಬಾಳುವವನಿಗೆ ‘ಒತ್ತಡ’ವೆಂಬ ಮಾತಿನ ಅರ್ಥಕ್ಕಾಗಿ ನಿಘಂಟು ತೆರೆಯುವ ಅಗತ್ಯವಿಲ್ಲ. ಹೊರವರ್ತುಲ ರಸ್ತೆಯೂ ಹಳೆಯ ವಿಮಾನನಿಲ್ದಾಣದ ರಸ್ತೆಯೂ ಸಂಧಿಸುವ ಸೇತುವೆಯ ಬಳಿ ಬೆಳಗಿನ ಒಂಬತ್ತು ಗಂಟೆಗೆ ಐದು ನಿಮಿಷ ನಿಂತರೆ ಸಾಕು. ಆ ಶಬ್ದದ ಅರ್ಥಗಳೂ ಪ್ರಯೋಗಗಳೂ ಉದಾಹರಣೆಸಹಿತವಾಗಿ ಕಣ್ಣಮುಂದೆ ಹಾದುಹೋಗುತ್ತವೆ. ಬಸ್ಸಿನೊಳಗೆ ಜನರ ಒತ್ತಡ, ಜನರೊಳಗೆ ಕೆಲಸದ ಒತ್ತಡ, ಕೆಲಸ ಮಾಡಿಸುವ ಯಜಮಾನರೊಳಗೆ ರಕ್ತದ ಒತ್ತಡ. ಆದರೆ ನಾನೀಗ ಬರೆಯಹೊರಟಿರುವುದು ಇವು ಯಾವುದನ್ನೂ ಕುರಿತಲ್ಲ. ಒಂದು ಹಳೆಯ ಕಾರಿನ ಹೊಟ್ಟೆಯೊಳಗಿನ ಗಾಳಿಯ ಒತ್ತಡವನ್ನು ಕುರಿತು. ಕನ್ನಡ ಎಂ.ಎ. ಮಾಡಿದವನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿಯೂ ಕೇಳಿದರು. ಛಂದಸ್ಸಿನ ಮಾತ್ರೆಗಳನ್ನು ಎಣಿಸಿ ಬದುಕುವವನಿಗೆ ನಟ್ಟಿನ ಸುತ್ತುಗಳನ್ನು ಎಣಿಸುವುದು ಅಷ್ಟೇನೂ ದೂರದ ವಿದ್ಯೆಯಲ್ಲವೆಂದು ನಾನು ಉತ್ತರ ಕೊಟ್ಟೆ. ಅದನ್ನು ಯಾರೂ ಒಪ್ಪಲಿಲ್ಲವೆಂಬುದು ಬೇರೆ ಮಾತು.

ಇಂಜಿನ್ನಿನ ತತ್ತ್ವ ಸರಳವಾದುದು. ಎಣ್ಣೆ ಉರಿಯಬೇಕಾದರೆ ಗಾಳಿ ಬೇಕು. ಹೆಚ್ಚು ಎಣ್ಣೆ ಉರಿಯಬೇಕಾದರೆ ಹೆಚ್ಚು ಗಾಳಿ ಬೇಕು. ಸೌದೆಯ ಒಲೆಯ ಮುಂದೆ ಕುಳಿತು ಊದುಗೊಳವೆ ಹಿಡಿದ ನಮ್ಮ ಅಜ್ಜಿಯರಿಗೆಲ್ಲ ಇದು ತಿಳಿದಿತ್ತು. ಅವರಿಗೆ ಹೊಳೆಯದೆ ಹೋದದ್ದು ಒಂದೇ ಒಂದು ಉಪಾಯ: ಒಲೆಯಿಂದ ಹೊರಟುಹೋಗುವ ಹೊಗೆಯಿಂದಲೇ ಊದುಗೊಳವೆಯನ್ನು ಊದಿಸಿಬಿಟ್ಟರೆ? ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಕಿ ಎಂಬ ಇಂಜಿನಿಯರಿಗೆ ಅದು ಹೊಳೆಯಿತು. 1905ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದನು. ಇಂಜಿನ್ ಬಿಸಾಡುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಮತ್ತೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿನೊಳಕ್ಕೆ ತುಂಬುತ್ತದೆ. ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲ ಈ ಜೋಡಿಚಕ್ರಕ್ಕೆ ಟರ್ಬೊ ಎಂದು ಹೆಸರು. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಎಂಬುವನು ಒಂದು ವಿಮಾನದ ಇಂಜಿನ್ನನ್ನು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಪರ್ವತದ ನೆತ್ತಿಗೆ ಸಾಗಿಸಿ, ಗಾಳಿ ತೆಳುವಾದ ಆ ಜಾಗದಲ್ಲಿಯೂ ಟರ್ಬೊ ಇದ್ದರೆ ಇಂಜಿನ್ ಸಮುದ್ರಮಟ್ಟದ ಶಕ್ತಿಯನ್ನೇ ಕೊಡುವುದೆಂದು ತೋರಿಸಿದನು. ಸುಮಾರು 3,000 ಅಡಿ ಎತ್ತರದಲ್ಲಿರುವ ನಮ್ಮ ಬೆಂಗಳೂರಿನ ಗಾಳಿಯೂ ಕರಾವಳಿಯ ಗಾಳಿಗಿಂತ ಹತ್ತರಲ್ಲೊಂದು ಪಾಲು ತೆಳುವಾದುದೇ. ಆದ್ದರಿಂದ ಟರ್ಬೊ ಇಲ್ಲಿನವರಿಗೆ ಕೇವಲ ಶೋಕಿಯ ವಸ್ತುವಲ್ಲ.

ಆದರೆ ಈ ಉಪಾಯದಲ್ಲಿ ಒಂದು ತೊಡಕಿದೆ. ಹೊಗೆ ಹೆಚ್ಚಿದಷ್ಟೂ ಚಕ್ರ ವೇಗವಾಗಿ ತಿರುಗುತ್ತದೆ. ಚಕ್ರ ತಿರುಗಿದಷ್ಟೂ ಗಾಳಿ ಹೆಚ್ಚುತ್ತದೆ. ಗಾಳಿ ಹೆಚ್ಚಿದಷ್ಟೂ ಎಣ್ಣೆ ಉರಿದು ಮತ್ತೆ ಹೊಗೆ ಹೆಚ್ಚುತ್ತದೆ. ಸಾಲದ ಬಡ್ಡಿಯಂತೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಈ ವ್ಯವಹಾರಕ್ಕೆ ‘ಸಾಕು’ ಎಂದು ಹೇಳುವವರು ಬೇಕು. ಹೇಳದಿದ್ದರೆ ಎಲ್ಲಿ ಬಲ ಕಡಮೆಯೋ ಅಲ್ಲಿ ಒಡೆಯುತ್ತದೆ. ಹಾಗೆ ಸಾಕೆನ್ನುವುದು ಒಂದು ಸಣ್ಣ ಬಾಗಿಲು. ಅದಕ್ಕೆ ವೇಸ್ಟ್‌ಗೇಟ್ ಎಂದು ಹೆಸರು. ಗಾಳಿಯ ಒತ್ತಡ ಗೊತ್ತಾದ ಮಿತಿಯನ್ನು ಮುಟ್ಟಿದೊಡನೆ ಆ ಬಾಗಿಲು ತೆರೆದು, ಹೊಗೆಯ ಒಂದು ಪಾಲನ್ನು ಚಕ್ರದ ಕಡೆಗೆ ಬಿಡದೆ ನೇರವಾಗಿ ಹೊರಗೆ ಕಳುಹಿಸುತ್ತದೆ. ಅದನ್ನು ತೆರೆಯುವುದು ಲಿಂಬೆಹಣ್ಣಿಗಿಂತ ತುಸು ದೊಡ್ಡದಾದ ಒಂದು ತಗಡಿನ ಡಬ್ಬಿ. ಡಬ್ಬಿಯೊಳಗೆ ಒಂದು ರಬ್ಬರಿನ ಪೊರೆ, ಒಂದು ಸ್ಪ್ರಿಂಗು. ಹೊರಗೆ ಬಾಗಿಲಿನವರೆಗೆ ಚಾಚಿದ ಒಂದು ಸರಳು. ಸರಳಿನ ತುದಿಯಲ್ಲಿ ಮರೆ ಕೊರೆದಿರುತ್ತದೆ. ಅದನ್ನು ತಿರುಗಿಸಿ ಸರಳನ್ನು ಗಿಡ್ಡ ಮಾಡಿದರೆ ಸ್ಪ್ರಿಂಗು ಬಿಗಿಯಾಗಿ ಬಾಗಿಲು ತಡವಾಗಿ ತೆರೆಯುತ್ತದೆ, ಒತ್ತಡ ಏರುತ್ತದೆ. ಉದ್ದ ಮಾಡಿದರೆ ಬೇಗ ತೆರೆಯುತ್ತದೆ, ಒತ್ತಡ ಇಳಿಯುತ್ತದೆ. ಹೊಸ ಕಾರುಗಳಲ್ಲಿ ಈ ಕೆಲಸದ ಮೇಲ್ವಿಚಾರಣೆ ಕಂಪ್ಯೂಟರಿನದು. ನಮ್ಮದರಂತಹ ಹಳೆಯ ಗಾಡಿಗಳಲ್ಲಿ ಒಂದು ಸ್ಪ್ಯಾನರು, ಒಂದು ಗೇಜು, ಮತ್ತು ತಿರುಗಿಸುವವನ ವಿವೇಕ, ಇಷ್ಟೆ.

ನಮ್ಮ ಮಾರತ್ತಹಳ್ಳಿಗೂ ಟರ್ಬೊಗೂ ಇರುವ ನಂಟು ಇಂದಿನದಲ್ಲ. ಮಾರುತ್ ಎಂಬ ಯುದ್ಧವಿಮಾನದಿಂದಲೇ ಈ ಊರಿಗೆ ಹೆಸರು ಬಂದಿತೆಂದು ಹೇಳುವವರಿದ್ದಾರೆ. ಆ ವ್ಯುತ್ಪತ್ತಿಯನ್ನು ತರಗತಿಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಆದರೆ ಊರಿನ ಪಶ್ಚಿಮಕ್ಕೆ, ಇದೇ ರಸ್ತೆಯ ಮಗ್ಗುಲಲ್ಲಿ, 1940ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಡೆದ ಒಂದು ಕೆಲಸವನ್ನು ಮಾತ್ರ ಹೇಳದಿರಲಾರೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ನಾಲ್ಕು ಇಂಜಿನ್ನುಗಳ ಬಾಂಬರ್ ವಿಮಾನಗಳನ್ನು ಕಾನ್ಪುರದಲ್ಲಿ ಯಾರಿಗೂ ಬೇಡವಾದ ಗುಜರಿಯಾಗಿ ಬಿಟ್ಟುಹೋಗಿದ್ದರು. 1948ರಲ್ಲಿ ಅವುಗಳಲ್ಲಿ ಹಾರಬಲ್ಲಷ್ಟನ್ನು ಎಬ್ಬಿಸಿ ಬೆಂಗಳೂರಿಗೆ ಹಾರಿಸಿಕೊಂಡು ತಂದು, ಇಲ್ಲಿನ ಕೆಲಸಗಾರರು ದುರಸ್ತು ಮಾಡಿದರು. ಆ ವಿಮಾನಗಳು ನಮ್ಮ ವಾಯುಪಡೆಯಲ್ಲಿ 1968ರವರೆಗೆ ಸೇವೆ ಸಲ್ಲಿಸಿದುವು. ಹಳೆಯದನ್ನು ಬಿಸಾಡಬಾರದೆಂಬ ನಮ್ಮ ಮನೆಗಳ ಹಟಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕೆ?

ಲಿಬರೇಟರಿನ ಒಂದೊಂದು ಇಂಜಿನ್ನಿಗೂ ಒಂದೊಂದು ಟರ್ಬೊ ಇತ್ತು. ಯುದ್ಧದ ಕೊನೆಯ ವರ್ಷಗಳಲ್ಲಿ ತಯಾರಾದ ಮಾದರಿಗಳಲ್ಲಿ ನಾಲ್ಕರ ಒತ್ತಡವನ್ನೂ ಒಟ್ಟಿಗೆ ಏರಿಸಿ ಇಳಿಸಲು ಚಾಲಕನ ಕೈಗೆ ಎಟುಕುವಂತೆ ಒಂದು ಗುಂಡಿ ಇರುತ್ತಿತ್ತು. ಅದರ ಮೇಲೆ ಹತ್ತರವರೆಗೆ ಅಂಕಿಗಳು. ಆದರೆ ಗುಂಡಿ ಎಂಟಕ್ಕೆ ಬಂದು ನಿಂತುಬಿಡುತ್ತಿತ್ತು, ಅಲ್ಲೊಂದು ತಡೆ. ಭಾರ ತುಂಬಿದ ವಿಮಾನವನ್ನು ನೆಲದಿಂದ ಎಬ್ಬಿಸುವುದಕ್ಕೂ ಎಂಟು ಸಾಕು. ಪ್ರಾಣಾಪಾಯ ಒದಗಿದಾಗ ಮಾತ್ರ ಆ ತಡೆಯನ್ನು ಬೇಕೆಂದೇ ಬಿಡಿಸಿ ಒಂಬತ್ತಕ್ಕೊ ಹತ್ತಕ್ಕೊ ತಿರುಗಿಸಬಹುದಾಗಿತ್ತು, ಅದೂ ಕೆಲವೇ ನಿಮಿಷಗಳ ಮಟ್ಟಿಗೆ. ಈ ಎಂಟರ ತಡೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಇನ್ನು ನಮ್ಮ ಗಾಡಿಯ ವಿಷಯ. ಅದು 2001ರ ಮಾದರಿಯ ಟರ್ಬೊ ಡೀಸೆಲ್ ಕಾರು. ಮೂಡಿಗೆರೆ ಸೀಮೆಯಲ್ಲಿ ಶಾಲಾ ಮುಖ್ಯೋಪಾಧ್ಯಾಯರಾಗಿದ್ದ ನನ್ನ ತಂದೆಯವರು ಅದನ್ನು ಕಾಫಿ ತೋಟದ ಮಾಲೀಕರೊಬ್ಬರಿಂದ ಕೊಂಡರು. ಈಗ ಅವರಿಗೆ ಎಪ್ಪತ್ತನಾಲ್ಕು. ಅವರು ನಮ್ಮೊಡನೆ ಮಾರತ್ತಹಳ್ಳಿಗೆ ಬರಲು ಒಪ್ಪಿದುದು ಒಂದೇ ಒಂದು ಷರತ್ತಿನ ಮೇಲೆ: ಗಾಡಿಯೂ ಬರಬೇಕು. ನಾಲ್ಕನೆಯ ಅಂತಸ್ತಿನ ಮನೆಯ ಬಾಲ್ಕನಿಯಲ್ಲಿ ಕುಳಿತು ಅವರು ನೋಡುವುದು ಮರಗಳನ್ನಲ್ಲ, ಕೆಳಗೆ ನಿಂತ ಆ ಗಾಡಿಯನ್ನು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಯೋಗ್ಯತಾಪರೀಕ್ಷೆಯಾಗಬೇಕಷ್ಟೆ; ಪರೀಕ್ಷೆಯ ವರ್ಷ ಹತ್ತಿರವಾದಂತೆ ಪಬ್ಲಿಕ್ ಪರೀಕ್ಷೆಗೆ ಮಗನನ್ನು ಕಳುಹಿಸುವ ತಾಯಿಯ ಹಾಗೆ ಅವರು ಚಡಪಡಿಸುತ್ತಾರೆ.

ವರ್ಷಕ್ಕೊಮ್ಮೆ ಆ ಗಾಡಿಯಲ್ಲಿ ಚಾರ್ಮಾಡಿ ಘಾಟಿಯಿಳಿದು, ಬೆಳ್ತಂಗಡಿಯಲ್ಲಿರುವ ಅವರ ತಂಗಿಯ ಮನೆಗೆ ಹೋಗಿಬರುವುದು ನಮ್ಮ ವಾಡಿಕೆ. ಕಳೆದ ಸಲ ಹಿಂದಿರುಗುವಾಗ ಘಾಟಿಯ ಏರಿನಲ್ಲಿ ಗಾಡಿ ಏದುಸಿರು ಬಿಟ್ಟಿತು. ಎರಡನೆಯ ಗೇರಿನಲ್ಲಿ ಎಳೆಯಲೊಲ್ಲದು. ಹಿಂದೆ ಕಪ್ಪು ಹೊಗೆ. ಹೊಗೆಯ ಹಿಂದೆ ಹಾರನ್ನು ಒತ್ತುವ ಲಾರಿಗಳ ಸಾಲು. ತಂದೆಯವರು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ ಮಾತ್ರ, “ಅದಕ್ಕೂ ವಯಸ್ಸಾಯಿತು. ಮಾರಿಬಿಡು,” ಎಂದರು. ‘ಅದಕ್ಕೂ’ ಎಂಬಲ್ಲಿನ ಸಮುಚ್ಚಯ ಯಾರನ್ನು ಕೂಡಿಸಿಕೊಂಡಿತ್ತೆಂಬುದನ್ನು ತಿಳಿಯಲು ವ್ಯಾಕರಣಪಾಂಡಿತ್ಯ ಬೇಕಾಗಿರಲಿಲ್ಲ. ಆ ತಿಂಗಳಲ್ಲಿ ಅವರು ಬೆಳಗಿನ ತಿರುಗಾಟವನ್ನೂ ನಿಲ್ಲಿಸಿದರು.

ನನ್ನ ಭಾವಮೈದುನನಿಗೆ ಇಂತಹ ಸಂಗತಿಗಳಲ್ಲಿ ಬಹಳ ಉತ್ಸಾಹ. ಅವನು ಬಾನೆಟ್ಟಿನೊಳಗೆ ಬಗ್ಗಿ ನೋಡಿ, “ಭಾವ, ಮಾರೋದು ಯಾಕೆ? ಈ ಸರಳನ್ನ ಮೂರು ಸುತ್ತು ಬಿಗಿ ಮಾಡಿದ್ರೆ ಸಾಕು, ಹುಲಿ ಹಾಗೆ ಹತ್ತುತ್ತೆ,” ಎಂದನು. ತಯಾರಕರು ಗೊತ್ತುಮಾಡಿದ ಅಳತೆಯನ್ನು ಮೀರುವುದು ಸರಿಯೆ ಎಂದು ನಾನು ಶಂಕಿಸಿದೆ. ಗಾಡಿಯ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಬದಲಾವಣೆಗಳನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ವಿಮೆಯವರಿಗೂ ಅದು ಒಳ್ಳೆಯ ನೆಪವಾದೀತು. ಆದರೆ ನನಗಿದ್ದ ಭಯ ಕಾನೂನಿನದಕ್ಕಿಂತ ಬೇರೆ. ಆ ಇಂಜಿನ್ ಮುರಿದುಬಿದ್ದರೆ ಅದರೊಡನೆ ಇನ್ನೇನು ಮುರಿದೀತೆಂದು ನನಗೆ ಗೊತ್ತಿತ್ತು. ಕೊನೆಗೆ, ಬಿಗಿಯುವುದಾದರೂ ಬಲ್ಲವರ ಕೈಯಿಂದಲೇ ಆಗಲೆಂದು ನಿಶ್ಚಯವಾಯಿತು.

ಬಲ್ಲವರೆಂದರೆ ನಮ್ಮ ಬಡಾವಣೆಯ ಹಿಂದಿನ ಗಲ್ಲಿಯ ಗ್ಯಾರೇಜಿನ ಮೇಸ್ತ್ರಿಗಳು. ಅರುವತ್ತು ದಾಟಿದವರು, ಶಿವಾಜಿನಗರದ ಗುಜರಿ ಅಂಗಡಿಗಳ ನಡುವೆ ಹುಡುಗನಾಗಿ ಕೆಲಸ ಕಲಿತವರು. ಅವರು ನನ್ನನ್ನು ಕರೆಯುವುದು ಮೇಷ್ಟ್ರೇ ಎಂದು, ನಾನು ಅವರನ್ನು ಕರೆಯುವುದು ಮೇಸ್ತ್ರಿಗಳೇ ಎಂದು. ನಡುವೆ ಒಂದು ಒತ್ತಕ್ಷರದ ಅಂತರ ಮಾತ್ರ. ಭಾವಮೈದುನನ ಯೋಜನೆಯನ್ನು ಅವರು ತಲೆಯಾಡಿಸುತ್ತ ಪೂರ್ತಿ ಕೇಳಿದರು. ಅನಂತರ, “ಜ್ವರ ಎಷ್ಟಿದೆ ಅಂತ ನೋಡದೇನೇ ಮಾತ್ರೆ ಕೊಡ್ತೀರಾ ಸ್ವಾಮಿ?” ಎಂದು ಕೇಳಿ, ಪೆಟ್ಟಿಗೆಯೊಳಗಿಂದ ಒಂದು ಹಳೆಯ ಗೇಜನ್ನು ತೆಗೆದರು. ಗಾಳಿಯ ಕೊಳವೆಗೆ ಅದನ್ನು ಜೋಡಿಸಿ, ಮುಳ್ಳು ನಮ್ಮ ಕಣ್ಣಿಗೆ ಕಾಣುವಂತೆ ಸ್ಟಿಯರಿಂಗಿನ ಪಕ್ಕಕ್ಕೆ ಕಟ್ಟಿದರು.

ಆ ಭಾನುವಾರ ಮುಂಜಾನೆ ನಾವು ನಂದಿಬೆಟ್ಟದ ಏರಿಗೆ ಹೋದೆವು. ಸುತ್ತಣ ಗಾಳಿಗಿಂತ ಒಳಗಿನ ಒತ್ತಡ ಎಷ್ಟು ಹೆಚ್ಚೆಂಬುದನ್ನು ಗೇಜು ತೋರಿಸುತ್ತದೆ. ತಯಾರಕರ ಪುಸ್ತಕದ ಪ್ರಕಾರ ಪೂರ್ಣ ಭಾರದಲ್ಲಿ ಅದು 0.7 ಬಾರ್ ಇರಬೇಕು. ನಮ್ಮದು 0.4ಕ್ಕೆ ಏರಿ ಅಲ್ಲಿಯೇ ತೂಕಡಿಸಿತು. “ನೋಡಿದಿರಾ? ಬಿಗಿ ಮಾಡಲೇಬೇಕು,” ಎಂದು ಭಾವಮೈದುನನಿಗೆ ಸಂಭ್ರಮ. ಮೇಸ್ತ್ರಿಗಳಿಗೆ ಮಾತ್ರ ಸಂಶಯ. ಗ್ಯಾರೇಜಿಗೆ ಹಿಂದಿರುಗಿದ ಮೇಲೆ ಅವರು ಟರ್ಬೊವಿನ ಬಾಯಿ ಮುಚ್ಚಿ, ಟೈರಿಗೆ ಗಾಳಿ ತುಂಬುವ ಯಂತ್ರದಿಂದ ಒಳಕ್ಕೆ ಮೆಲ್ಲಗೆ ಗಾಳಿ ಬಿಟ್ಟು, ಕೊಳವೆಗಳಿಗೆಲ್ಲ ಸಾಬೂನಿನ ನೀರನ್ನು ಬಳಿಯುತ್ತ ಹೋದರು. ಇಂಜಿನ್ನಿಗೆ ಗಾಳಿ ಒಯ್ಯುವ ರಬ್ಬರಿನ ಪೈಪಿನ ತಳಭಾಗದಲ್ಲಿ, ಕಣ್ಣಿಗೆ ಬೀಳದ ಮಗ್ಗುಲಿನಲ್ಲಿ, ಮಕ್ಕಳ ಆಟದ ನೊರೆಯಂತೆ ಗುಳ್ಳೆಗಳು ಎದ್ದವು. ಬೆರಳುದ್ದದ ಸೀಳು! ಟರ್ಬೊ ಶ್ರಮಪಟ್ಟು ಒತ್ತಿದ ಗಾಳಿಯೆಲ್ಲ ಬೀದಿಪಾಲಾಗುತ್ತಿತ್ತು. ಗಾಳಿ ಸಾಲದ ಎಣ್ಣೆ ಅರ್ಧ ಉರಿದು ಕಪ್ಪು ಹೊಗೆಯಾಗುತ್ತಿತ್ತು. ಕೊರತೆಯಿದ್ದುದು ಒತ್ತಡದ್ದಲ್ಲ, ಅದನ್ನು ಹಿಡಿದಿಡುವ ಪಾತ್ರೆಯದು.

ಹೊಸ ಪೈಪು ಬಂದಿತು. ಮತ್ತೆ ಅದೇ ಏರು. ಎಲ್ಲವೂ ನೆಟ್ಟಗಿದ್ದರೆ ಮುಳ್ಳು 0.7ಕ್ಕೆ ನಿಲ್ಲಬೇಕಷ್ಟೆ? ಅದು ನಿಲ್ಲದೆ 0.95ಕ್ಕೆ ಹೋಯಿತು. ಗಾಡಿ ಭಾವಮೈದುನ ಹೇಳಿದ ಹುಲಿಯ ಹಾಗೆಯೇ ನೆಗೆಯಿತು. ಅವನು ಚಪ್ಪಾಳೆ ತಟ್ಟಿದನು; ಮೇಸ್ತ್ರಿಗಳು “ಕಾಲು ತೆಗೀರಿ, ಕಾಲು ತೆಗೀರಿ,” ಎಂದು ಕೂಗಿಕೊಂಡರು. ಗಾಡಿ ನಿಲ್ಲಿಸಿ, ಟಾರ್ಚು ಬಿಟ್ಟು ಸರಳಿನ ತುದಿಯನ್ನು ನೋಡಿದರು. ಕಾರ್ಖಾನೆಯವರು ನಟ್ಟಿನ ಮೇಲೆ ಬಳಿದ ಹಳದಿ ಬಣ್ಣದ ಗುರುತು ಹರಿದಿತ್ತು. “ಮೇಷ್ಟ್ರೇ, ಇದನ್ನ ಯಾರೋ ಹಿಂದೇನೇ ಬಿಗಿ ಮಾಡಿದ್ದಾರೆ. ಮೂರು ಸುತ್ತು ಇರಬಹುದು. ಆ ಜಾಸ್ತಿ ಒತ್ತಡ ತಡೀಲಾರದೇನೇ ಪೈಪು ಹರಿದಿರೋದು. ಪೈಪು ಹರೀತು, ಇಂಜಿನ್ ಉಳೀತು. ಪೈಪು ಗಟ್ಟಿ ಇದ್ದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗ್ತಿತ್ತು, ಇಲ್ಲ ಪಿಸ್ಟನ್ನೇ ಕರಗ್ತಿತ್ತು. ಯಾರ ಕೈಯೋ ಏನೋ!”

ಯಾರ ಕೈಯೆಂಬುದು ಅಂದು ಸಂಜೆ ತಿಳಿಯಿತು. ನಾನು ಬಾಲ್ಕನಿಯಲ್ಲಿ ಕುಳಿತು ತಂದೆಯವರಿಗೆ ಎಲ್ಲವನ್ನೂ ವಿವರಿಸಿದೆ. ಅವರು ಬಹಳ ಹೊತ್ತು ಕೆಳಗಿನ ಗಾಡಿಯನ್ನೇ ನೋಡುತ್ತಿದ್ದು ಆಮೇಲೆ, “ಅದನ್ನು ಬಿಗಿ ಮಾಡಿಸಿದವನು ನಾನೇ,” ಎಂದರು.

2009ರ ಮಳೆಗಾಲ. ನಾನು ಆಗ ಮೈಸೂರಿನಲ್ಲಿ ಓದುತ್ತಿದ್ದೆ. ಅಮ್ಮನಿಗೆ ಕಾಯಿಲೆ ಬಲಿತು ವಾರಕ್ಕೆರಡು ಸಲ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿತ್ತು. ಹೋಗುವಾಗ ಇಳಿಜಾರು, ಬರುವಾಗ ರಾತ್ರಿ, ಮಳೆ, ಮಂಜು, ಚಾರ್ಮಾಡಿಯ ಏರು. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಮಲಗಿಸಿದ ಅಮ್ಮನಿಗೆ ಒಂದೊಂದು ತಿರುವೂ ಒಂದೊಂದು ಗಂಡಾಂತರ. “ಬೇಗ ಮೇಲೆ ಹತ್ತಿಬಿಟ್ಟರೆ ಸಾಕು ಅನ್ನುತ್ತಿದ್ದಳು. ದಾರಿಯಲ್ಲಿ ಒಬ್ಬರ ಹತ್ತಿರ ಹೇಳಿದೆ, ಸ್ವಲ್ಪ ಎಳೆಯುವ ಹಾಗೆ ಮಾಡಿಕೊಡಿ ಅಂತ. ಇಂಜಿನ್ನಿಗೆ ಒಳ್ಳೆಯದಲ್ಲ ಅಂದರು. ಇಂಜಿನ್ ಹಾಳಾದರೆ ಆಗಲಿ, ಮಾಡಿ ಅಂದೆ. ಆಮೇಲೆ ಗಾಡಿ ಚೆನ್ನಾಗಿ ಹತ್ತಿತು.” ಒಂದು ಕ್ಷಣ ಸುಮ್ಮನಿದ್ದು, “ನಾಲ್ಕು ತಿಂಗಳು ಹತ್ತಿತು,” ಎಂದರು. ಅಮ್ಮ ದೀಪಾವಳಿಯನ್ನು ನೋಡಲಿಲ್ಲ. ಆ ನಟ್ಟಿನ ಸಂಗತಿಯನ್ನು ಅವರು ಅನಂತರ ಯಾರೊಡನೆಯೂ ಎತ್ತಿರಲಿಲ್ಲ.

ಆ ರಾತ್ರಿ ನನಗೆ ಲಿಬರೇಟರಿನ ಗುಂಡಿ ನೆನಪಾಯಿತು. ತಂದೆಯವರು ಮಾಡಿದುದು ಎಂಟರ ತಡೆಯನ್ನು ಬಿಡಿಸಿ ಹತ್ತಕ್ಕೆ ತಿರುಗಿಸುವ ಕೆಲಸ. ಅದಕ್ಕೆ ತಕ್ಕ ಸಮಯವೇ ಅದಾಗಿತ್ತು. ಅದನ್ನು ತಪ್ಪೆನ್ನುವವನು ಮನುಷ್ಯನಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ಧರ್ಮರಾಯನಿಗೆ ಆಪದ್ಧರ್ಮವನ್ನು ಪ್ರತ್ಯೇಕವಾಗಿ ಬೋಧಿಸುತ್ತಾನೆ. ಘೋರ ಕ್ಷಾಮದಲ್ಲಿ ವಿಶ್ವಾಮಿತ್ರನು ನಾಯಿಯ ಮಾಂಸಕ್ಕೆ ಕೈ ಚಾಚಿದ ಕಥೆ ಬರುವುದು ಅಲ್ಲಿಯೇ. ಆದರೆ ಮಳೆ ಬಂದು ಬೆಳೆ ಬೆಳೆದ ಮೇಲೂ ವಿಶ್ವಾಮಿತ್ರನು ಅದನ್ನೇ ತಿನ್ನುತ್ತಿದ್ದನೆಂದು ಯಾರೂ ಹೇಳುವುದಿಲ್ಲ. ಆಪದ್ಧರ್ಮದ ಕಷ್ಟವಿರುವುದು ಅದನ್ನು ಕೈಗೊಳ್ಳುವುದರಲ್ಲಲ್ಲ. ಆಪತ್ತು ಕಳೆದ ಮೇಲೆ ಕೈಬಿಡುವುದರಲ್ಲಿ. ಆಪತ್ತು ಬಂದುದನ್ನು ನಮಗೆ ಎಲ್ಲರೂ ತಿಳಿಸುತ್ತಾರೆ, ಮುಗಿದುದನ್ನು ಯಾರೂ ತಿಳಿಸುವುದಿಲ್ಲ. ಒಂದು ಕಷ್ಟಕಾಲದಲ್ಲಿ ಬಿಗಿದ ನಟ್ಟು ಹಾಗೆಯೇ ಉಳಿದುಬಿಡುತ್ತದೆ. ಸಾಲ ತೀರಿದ ಮೇಲೂ ರಾತ್ರಿ ಹನ್ನೊಂದರವರೆಗೆ ಟ್ಯೂಷನ್ ಹೇಳುವ ಮಿತ್ರರನ್ನು ಬಲ್ಲೆ. ಮಕ್ಕಳು ದಡ ಸೇರಿದ ಮೇಲೂ ಹಳಸಿದ ಅನ್ನವನ್ನು ತಾವೇ ಉಣ್ಣುವ ತಾಯಂದಿರನ್ನು ಬಲ್ಲೆ. ಕೇಳಿದರೆ ಅಭ್ಯಾಸವೆನ್ನುತ್ತಾರೆ. ಎಲ್ಲಿಯೋ ಒಂದು ಪೈಪು ಸೀಳಿದಾಗ ನಾವು ಹೇಳುವುದು ‘ವಯಸ್ಸಾಯಿತು’ ಎಂಬ ಒಂದೇ ಮಾತು.

ಮರುದಿನ ತಂದೆಯವರೂ ಗ್ಯಾರೇಜಿಗೆ ಬಂದರು. ಮೇಸ್ತ್ರಿಗಳು ಸ್ಟೂಲು ಹಾಕಿ, “ಬನ್ನಿ ಯಜಮಾನರೇ,” ಎಂದು ಕುಳ್ಳಿರಿಸಿದರು. ಕೆಲಸ ಹತ್ತು ನಿಮಿಷದ್ದು. ಸರಳಿನ ತುದಿಯ ಕ್ಲಿಪ್ಪು ತೆಗೆದು, ಲಾಕ್‌ನಟ್ಟು ಸಡಿಲಿಸಿ, ಒಂದು ಸುತ್ತು ಬಿಚ್ಚಿದರು. ಮತ್ತೊಂದು ಸುತ್ತು ಬಿಚ್ಚಿದರು. ಒಮ್ಮೆಗೇ ಮೂರನ್ನೂ ಬಿಚ್ಚಬಾರದೆಂದೂ, ಒಂದೊಂದು ಸುತ್ತಿಗೂ ಗಾಡಿಯನ್ನು ಓಡಿಸಿ ಗೇಜನ್ನು ನೋಡಬೇಕೆಂದೂ ಅವರ ಶಾಸ್ತ್ರ. ಓಡಿಸಿದವರು ಅವರು, ಪಕ್ಕದಲ್ಲಿ ಕುಳಿತು ಮುಳ್ಳು ನೋಡಿದವರು ತಂದೆಯವರು. ಮೂರನೆಯ ಸುತ್ತಿನ ಸರದಿ ಬಂದಾಗ ಮೇಸ್ತ್ರಿಗಳು ಯಾವ ಮಾತನ್ನೂ ಆಡದೆ ಸ್ಪ್ಯಾನರನ್ನು ಅವರ ಕಡೆಗೆ ಚಾಚಿದರು. ತಂದೆಯವರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ, ತಾವೇ ಸುತ್ತು ಬಿಚ್ಚಿದರು. ಮುಳ್ಳು 0.7ಕ್ಕೆ ಬಂದು ನಿಂತಿತು. “ಇಷ್ಟು ಸಾಕು ಇದಕ್ಕೆ,” ಎಂದರು ಮೇಸ್ತ್ರಿಗಳು. “ಇನ್ನೊಂದು ಮಾತು. ಏರು ಹತ್ತಿದ ಮೇಲೆ ತಕ್ಷಣ ಇಂಜಿನ್ ಆರಿಸಬೇಡಿ. ಟರ್ಬೊ ಕೆಂಡದ ಹಾಗೆ ಕಾದಿರುತ್ತೆ. ಎಣ್ಣೆ ಹರೀತಾ ಇದ್ದರೆ ತಣ್ಣಗಾಗುತ್ತೆ, ನಿಂತರೆ ಅಲ್ಲೇ ಸೀದುಹೋಗುತ್ತೆ. ಒಂದು ನಿಮಿಷ ಸುಮ್ಮನೆ ಓಡಲಿ ಬಿಡಿ.” ಭಾವಮೈದುನನು ಈ ಕೊನೆಯ ಮಾತನ್ನು ಶ್ರದ್ಧೆಯಿಂದ ಬರೆದುಕೊಂಡನು.

ಈ ವರ್ಷ ಚಾರ್ಮಾಡಿಯ ಏರಿನಲ್ಲಿ ನಮ್ಮ ಗಾಡಿ ಹುಲಿಯಂತೆ ನೆಗೆಯಲಿಲ್ಲ. ತುಂಬಿದ ಹೇರಿನ ಒಳ್ಳೆಯ ಎತ್ತಿನಂತೆ, ಎರಡನೆಯ ಗೇರಿನಲ್ಲಿ, ಹೊಗೆಯಿಲ್ಲದೆ, ನಿಧಾನವಾಗಿ ಹತ್ತಿತು. ಒಂದೆರಡು ಲಾರಿಗಳಿಗೆ ದಾರಿ ಬಿಟ್ಟುಕೊಟ್ಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆಯ ಹೋಟೆಲಿನ ಮುಂದೆ ನಿಲ್ಲಿಸಿದಾಗ ಮಕ್ಕಳು ಬಾಗಿಲು ತೆರೆದು ಓಡಿದರು. ನಾನು ಇಂಜಿನ್ ಆರಿಸಲು ಕೈ ಚಾಚಿದೆ. ತಂದೆಯವರು, “ಇರಲಿ, ಒಂದು ನಿಮಿಷ,” ಎಂದು, ಬೆಲ್ಟನ್ನು ಬಿಚ್ಚದೆ, ಹಿಂದಿನ ಸೀಟಿನ ಕಡೆಗೊಮ್ಮೆ ತಿರುಗಿ ನೋಡಿ, ಆ ಒಂದು ನಿಮಿಷ ಪೂರ್ತಿ ಅಲ್ಲಿಯೇ ಕುಳಿತಿದ್ದರು.